ಗೋಡೆಗೆ ವಾಪಸು ಬರುತ್ತಿದ್ದ ಹಾಳೆ

ಗೌರಿಬಿದನೂರಿನ ರೇಷ್ಮೆ ಬೆಳೆಗಾರರ ಸಂಘವೊಂದರ ಗೋಡೆಯಿಂದ ಷಮೀಮ್ ಒಂದು ಹಾಳೆಯನ್ನು ಎರಡು ಸಲ ಕಿತ್ತು ಹಾಕಿದಳು. ಎರಡು ಸಲವೂ ಅದು ವಾಪಸು ಬಂದು ಅದೇ ಮೊಳೆಗೆ ನೇತು ಬಿತ್ತು. ಮೂರನೆಯ ಸಲ ಅವಳು ಗೋಡೆಯ ತಂಟೆಗೇ ಹೋಗಲಿಲ್ಲ. ಆ ಹಾಳೆ ಎಲ್ಲಿ ಹುಟ್ಟಿತ್ತೋ ಅಲ್ಲಿಗೇ ಕೈ ಹಾಕಿದಳು. ಅದನ್ನು ಹೇಳುತ್ತೇನೆ. ನಡುನಡುವೆ ನನಗೆ ಸಿಟ್ಟು ಬಂದರೆ ಸಹಿಸಿಕೊಳ್ಳಿ, ಇಷ್ಟು ವರ್ಷವಾದರೂ ನೆನೆಸಿಕೊಂಡರೆ ಮೈ ಉರಿಯುತ್ತದೆ.

ನನ್ನ ಹೆಸರು ಕದಿರಮ್ಮ. ತೊಂಬತ್ತರ ದಶಕದಲ್ಲಿ ಶಿಡ್ಲಘಟ್ಟದಲ್ಲಿ ಎಸ್.ಟಿ.ಡಿ. ಬೂತ್ ಇಟ್ಟುಕೊಂಡಿದ್ದೆ, ಜೊತೆಗೊಂದು ಜೆರಾಕ್ಸ್ ಮಿಷನ್. ಷಮೀಮ್ ನಮ್ಮ ಬೀದಿಯ ಹುಡುಗಿ. ಅವಳ ಅಪ್ಪ ಬಷೀರ್ ಅಹಮದ್ ಸಾಹೇಬರು ಮನೆಯ ಹಿಂದಿನ ಶೆಡ್ಡಿನಲ್ಲಿ ರೇಷ್ಮೆ ನೂಲು ಬಿಚ್ಚಿಸುತ್ತಿದ್ದರು. ಬಹಳ ಮೆತ್ತಗಿನ ಮನುಷ್ಯ, ಯಾರಾದರೂ ಕಾಲು ತುಳಿದರೆ ತಾವೇ ಕ್ಷಮೆ ಕೇಳುವಂಥವರು. ಮಗಳಿಗೆ ಆ ಗುಣದ ಒಂದು ತೊಟ್ಟೂ ಬಂದಿರಲಿಲ್ಲ.

ಅವಳು ಹೈಸ್ಕೂಲಿನಲ್ಲಿದ್ದಾಗಿನ ಮಾತು, ಎಂಬತ್ತರ ದಶಕ ಇನ್ನೇನು ಮುಗಿಯುತ್ತಿತ್ತು. ಒಂದು ಹೋಟೆಲಿನ ಗೋಡೆಯ ಮೇಲೆ ಚಿಕ್ಕಬಳ್ಳಾಪುರಕ್ಕೆ ಹೋಗುವ ಒಂದು ಖಾಸಗಿ ಬಸ್ಸಿನ ಹೊತ್ತನ್ನು ಬಣ್ಣದಲ್ಲಿ ಬರೆಸಿದ್ದರು. ಬಸ್ಸು ನಿಂತು ಹೋಗಿ ಎಷ್ಟೋ ಕಾಲವಾಗಿತ್ತು, ಬರಹ ಮಾತ್ರ ಲಕಲಕ ಹೊಳೆಯುತ್ತಿತ್ತು. ಮೇಲೂರಿನಿಂದ ಬಂದ ಒಬ್ಬ ಮುದುಕಿ ಅದನ್ನು ಯಾರ ಕೈಲೋ ಓದಿಸಿಕೊಂಡು ಮಧ್ಯಾಹ್ನದವರೆಗೂ ಬಿಸಿಲಲ್ಲಿ ಕಾದು ಕೂತಿದ್ದಳು. ಷಮೀಮ್ ಒಲೆಯಿಂದ ಒಂದು ಇದ್ದಿಲು ತುಂಡು ತಂದು ಇಡೀ ಬರಹವನ್ನು ಬಳಿದು ಹಾಕಿದಳು. ಹೋಟೆಲಿನವನು ಬಾಯಿಗೆ ಬಂದ ಹಾಗೆ ಬೈದ. ಅವಳಪ್ಪ ಹೋಗಿ ಕೈ ಮುಗಿದು ಬಂದರು. ಅವಳು ಮಾತ್ರ ಗದ್ದ ಎತ್ತಿಕೊಂಡು, "ಇಲ್ಲದ ಬಸ್ಸಿಗೆ ಯಾಕೆ ಬೋರ್ಡು?" ಎಂದಳಂತೆ. ಕೇಳಿದ್ದು ಸರಿಯಾಗಿಯೇ ಇತ್ತು, ಆದರೂ ಬೈಗುಳ ಬಿದ್ದಿದ್ದು ಅವಳಿಗೇ.

ಮುಂದೆ ಬಿ.ಎಸ್ಸಿ. ಮುಗಿಸಿ, ಬೆಂಗಳೂರಿಗೆ ದಿನಾ ಬಸ್ಸಲ್ಲಿ ಓಡಾಡಿ ಕಂಪ್ಯೂಟರ್ ಕಲಿತಳು. ಕಲಿತವಳು ಅಲ್ಲೇ ಉಳಿಯಲಿಲ್ಲ, ವಾಪಸು ಬಂದಳು. ಆಗ ನಮ್ಮ ಕಡೆ ಒಬ್ಬೊಬ್ಬರೇ ಹಳೆಯ ಕಂಪ್ಯೂಟರ್ ಕೊಂಡು ತರುತ್ತಿದ್ದರು. ತಂದ ಮೇಲೆ ಏನು ಮಾಡಬೇಕೆಂದು ಒಬ್ಬರಿಗೂ ಗೊತ್ತಿರುತ್ತಿರಲಿಲ್ಲ. ಚಿಂತಾಮಣಿಯ ಒಂದು ಬಿತ್ತನೆ ಬೀಜದ ಅಂಗಡಿ, ಚಿಕ್ಕಬಳ್ಳಾಪುರದ ಒಂದು ಪ್ರೆಸ್ಸು, ಶಿಡ್ಲಘಟ್ಟದಲ್ಲಿ ಒಬ್ಬ ನೂಲಿನ ವ್ಯಾಪಾರಿ, ಗೌರಿಬಿದನೂರಿನ ಸಂಘ, ಹೀಗೆ ನಾಲ್ಕೂರಿನ ನಾಲ್ಕು ಯಂತ್ರಗಳನ್ನು ಎಬ್ಬಿಸಿ ನಿಲ್ಲಿಸಿದವಳು ಇವಳು. ಅದೇ ಅವಳ ಅನ್ನ. ಗೌರಿಬಿದನೂರಿನ ಸಂಘಕ್ಕೆ ಅವಳನ್ನು ಮುಟ್ಟಿಸಿದವಳು ನಾನು. ಅಲ್ಲಿನ ಕಾರ್ಯದರ್ಶಿ ವೆಂಕಟರವಣಪ್ಪನವರು ವರಸೆಯಲ್ಲಿ ನನಗೆ ಮಾವ ಆಗಬೇಕು.

ಕಂಪ್ಯೂಟರ್ ಓಡಬೇಕಾದರೆ ಅದರೊಳಗೆ ಆಪರೇಟಿಂಗ್ ಸಿಸ್ಟಮ್ ಎಂಬ ವ್ಯವಸ್ಥೆ ಬೇಕು, ಅವಳು ಹಾಕಿದ್ದು ದುಡ್ಡಿಲ್ಲದೆ ಸಿಗುವಂಥದ್ದು. ಕಂಪ್ಯೂಟರ್ ಪತ್ರಿಕೆಯ ಜೊತೆ ಪುಕ್ಕಟೆ ಸಿ.ಡಿ. ಬರುತ್ತಿತ್ತಲ್ಲ, ಅದರಲ್ಲಿ ಇರುತ್ತಿತ್ತು. ಯಂತ್ರ ಹಚ್ಚಿದಾಗ ಎಲ್ಲಕ್ಕೂ ಮೊದಲು ಎದ್ದು, ಡಿಸ್ಕು, ಪರದೆ, ಕೀಲಿಮಣೆ ಎಲ್ಲವನ್ನೂ ಕೈಗೆ ತೆಗೆದುಕೊಳ್ಳುವ ಭಾಗಕ್ಕೆ ಕರ್ನಲ್ ಎನ್ನುತ್ತಾರೆಂದು ಅವಳೇ ನನಗೆ ಹೇಳಿಕೊಟ್ಟಿದ್ದಳು. ಅದನ್ನು ದೇಶದೇಶಗಳ ಜನ ಸಂಬಳವಿಲ್ಲದೆ ಬರೆಯುತ್ತಾರಂತೆ, ಇ-ಮೇಲಿನಲ್ಲೇ ಜಗಳ ಆಡಿಕೊಂಡು. ಅದರ ಜೊತೆಗೊಂದು ಕೈಪಿಡಿಯೂ ಸಿ.ಡಿ.ಯೊಳಗೇ ಇರುತ್ತಿತ್ತು.

ಆ ಕೈಪಿಡಿಯ ಒಂದು ಪುಟವೇ ನಮ್ಮ ಗ್ರಹಚಾರ. ಕರೆಂಟು ಪಟ್ಟನೆ ಹೋಗಿ ಬಂದಾಗ ಏನು ಮಾಡಬೇಕೆಂದು ಅದರಲ್ಲಿ ಬರೆದಿತ್ತು: ಡಿಸ್ಕಿನ ಎರಡನೆಯ ನಂಬರಿನ ಭಾಗವನ್ನು ಖಾಲಿ ಮಾಡಿ, ಮತ್ತೆ ಹಚ್ಚಿ. ಬರೆದ ಕಾಲಕ್ಕೆ ಅದು ಸರಿಯಾಗಿಯೇ ಇತ್ತು. ಆಗ ಆ ವ್ಯವಸ್ಥೆ ಡಿಸ್ಕಿನ ಭಾಗಗಳನ್ನು ಸೊನ್ನೆಯಿಂದ ಎಣಿಸುತ್ತಿತ್ತು, ಎರಡನೆಯ ನಂಬರಿನಲ್ಲಿ ಇರುತ್ತಿದ್ದದ್ದು ಬರೀ ಕಸ. ಆಮೇಲೆ ಒಂದರಿಂದ ಎಣಿಸುವುದಕ್ಕೆ ಶುರು ಮಾಡಿದರು. ಪುರಸಭೆಯವರು ಮನೆ ನಂಬರು ಬದಲಾಯಿಸಿದ ಹಾಗೆ. ಈಗ ಎರಡನೆಯ ನಂಬರಿನಲ್ಲಿ ನಿಮ್ಮ ಲೆಕ್ಕಪತ್ರ, ಹೆಸರು, ತಾರೀಖು, ಎಲ್ಲ ಬದುಕೂ ಕೂತಿರುತ್ತದೆ. ಅಷ್ಟೇ ಅಲ್ಲ, ಹೊಸ ಕರ್ನಲ್ಲಿಗೆ ಆ ಕೆಲಸವೇ ಬೇಕಿರಲಿಲ್ಲ, ಕರೆಂಟು ಹೋಗಿ ಬಂದರೆ ತಾನೇ ಸರಿ ಮಾಡಿಕೊಳ್ಳುತ್ತಿತ್ತು. ಎಣಿಕೆ ಬದಲಾಯಿಸಿದವರು ಆ ಪುಟವನ್ನು ಮಾತ್ರ ಅಳಿಸಿರಲಿಲ್ಲ.

ನಮ್ಮ ವೆಂಕಟರವಣಪ್ಪ ಮಾವ ಆ ಪುಟವನ್ನೇ ಪ್ರಿಂಟ್ ತೆಗೆಸಿ, ರಟ್ಟಿಗೆ ಅಂಟಿಸಿ, ಕಂಪ್ಯೂಟರಿನ ಪಕ್ಕ ಮೊಳೆ ಹೊಡೆದು ನೇತು ಹಾಕಿದ್ದರು. ಆಯುಧಪೂಜೆಯ ದಿನ ಯಂತ್ರಕ್ಕೆ ವಿಭೂತಿ ಬಳಿದು, ಹೂವು ಏರಿಸಿ, ಹಾಳೆಯ ನೆತ್ತಿಗೂ ಅರಿಶಿನ ಕುಂಕುಮ ಇಟ್ಟರು. ನಮ್ಮ ಕಡೆ ಯಾವ ಕಾಗದಕ್ಕೇ ಆಗಲಿ ಕುಂಕುಮ ಇಡುವುದು ತಲೆಯ ಮೇಲೆ, ಬರಹ ಶುರುವಾಗುವ ಜಾಗದಲ್ಲಿ. ಆ ಪುಟದ ತಲೆಯ ಮೇಲೆ ಒಂದೇ ಒಂದು ಸಾಲಿನಲ್ಲಿ, ಇದು ಇಂಥ ಹಳೆಯ ಆವೃತ್ತಿಗೆ ಮಾತ್ರ ಎಂದು ಇತ್ತು. ಕುಂಕುಮ ಬಿದ್ದದ್ದು ಸರಿಯಾಗಿ ಅದರ ಮೇಲೆ.

ಯುಗಾದಿ ಕಳೆದ ಮೇಲೆ ಒಂದು ಮಧ್ಯಾಹ್ನ ಕರೆಂಟು ಹೋಗಿ ಬಂತು. ಮಾವ ಕನ್ನಡಕ ಏರಿಸಿಕೊಂಡು ಗೋಡೆ ನೋಡಿ ಒಂದೊಂದೇ ಅಕ್ಷರ ಒತ್ತಿದರು. ಯಾವ ಬೆಳೆಗಾರರಿಗೆ ಯಾವ ದಿನ ರೇಷ್ಮೆ ಮೊಟ್ಟೆ ಕೊಡಬೇಕು, ಯಾವ ದಿನ ಅವು ಒಡೆಯುತ್ತವೆ, ಇಡೀ ತಾಲ್ಲೂಕಿನ ವಿವರ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಮಾಯ. ಫ್ಲಾಪಿಯಲ್ಲಿ ತೆಗೆದಿಟ್ಟಿದ್ದ ಪ್ರತಿ ಹಳೆಯದು. ಬಾಯಲ್ಲಿ ನೆನಪಿದ್ದಷ್ಟು ಹೇಳಿ ಮೊಟ್ಟೆ ಹಂಚಿದರು, ತಾರೀಖು ತಪ್ಪಿತು.

ಸುದ್ದಿ ನಮ್ಮವರೆಗೆ ಬಂದದ್ದು ಇದೆಲ್ಲ ಆದ ಮೇಲೆ, ಷಮೀಮ್ ಜೊತೆ ನಾನೂ ಬಸ್ಸು ಹತ್ತಿ ಹೋದೆ. ನಾವು ಹೋಗುವ ಹೊತ್ತಿಗೆ ವಿದುರಾಶ್ವತ್ಥದ ಕಡೆಯ ಅಕ್ಕಯ್ಯಮ್ಮ ಎಂಬ ಹೆಂಗಸು ಸಂಘದ ಬಾಗಿಲಲ್ಲಿ ಕೂತಿದ್ದಳು. ತೋಟದಲ್ಲಿ ಹಿಪ್ಪುನೇರಳೆಯ ಎಳೆ ಸೊಪ್ಪು ಬರುವ ಮೊದಲೇ ಅವಳ ಮೊಟ್ಟೆ ಒಡೆದು, ಹುಳಗಳು ಬಾಯಿಗೆ ಎಲೆ ಸಿಕ್ಕದೆ ಸತ್ತಿದ್ದವು. ಸತ್ತ ಹುಳದ ತಟ್ಟೆಯನ್ನು ಹಾಗೇ ತಂದು ಮುಂದೆ ಇಟ್ಟುಕೊಂಡಿದ್ದಳು. ಷಮೀಮ್‌ಳನ್ನು ಕಂಡು, "ಏಮಮ್ಮಾ, ನಿಮ್ಮ ಮಿಷನ್ನು ಮರೆತೋಯ್ತಂತೆ. ನನ್ನ ಹುಳಕ್ಕೆ ಹಸಿವು ಮರೆಯಕ್ಕೆ ಆಗ್ಲಿಲ್ವಲ್ಲಮ್ಮ," ಎಂದಳು. ಬೈದಿದ್ದರೂ ತಡೆದುಕೊಳ್ಳಬಹುದಿತ್ತು. ಷಮೀಮ್ ಅವಳ ಪಕ್ಕ ನೆಲದ ಮೇಲೇ ಸ್ವಲ್ಪ ಹೊತ್ತು ಕೂತಳು. ಎದ್ದವಳು ನೇರ ಒಳಗೆ ಹೋಗಿ ಹಾಳೆಯನ್ನು ಮೊಳೆಯಿಂದ ಕಿತ್ತಳು.

"ಏಯ್, ಪೂಜೆ ಆಗಿರೋದಮ್ಮ ಅದು," ಎಂದರು ಮಾವ.

"ಹಳೇದಾಗಿರೋದು ಸಾರ್ ಇದು. ಇದನ್ನ ನೋಡಿ ಮಾಡಬೇಡಿ ಅಂತ ನಾನು ಹೇಳಿರ್ಲಿಲ್ವಾ?"

"ನೀನು ಬಾಯಲ್ಲಿ ಹೇಳ್ದೆ. ಇದು ಪುಸ್ತಕದಲ್ಲೈತೆ. ನಾನು ಪುಸ್ತಕದಲ್ಲಿ ಇರೋ ಹಂಗೇ ಮಾಡಿದ್ದು. ಮಾಡಿದೋರೇ ಬರೆದಿರೋ ಪುಸ್ತಕಾನ ತಪ್ಪು ಅನ್ನೋಕೆ ನೀನು ಯಾರಮ್ಮ?"

ಹಿಂದೆ ಕೂತಿದ್ದ ಸಂಘದ ನಿರ್ದೇಶಕರಲ್ಲಿ ಒಬ್ಬರು, ಹೆಣ್ಣುಮಕ್ಕಳ ಕೈಗೆ ಮಿಷನ್ ಕೊಟ್ಟರೆ ಹೀಗೇ ಎಂದರು. ತಪ್ಪು ಅಕ್ಷರ ಒತ್ತಿದ ಬೆರಳು ಗಂಡಸಿನದು, ಬೈಸಿಕೊಂಡವಳು ಇವಳು. ನನಗೆ ತಡೆಯಲಾಗಲಿಲ್ಲ, "ಒತ್ತಿದ್ದು ಯಾರು ಮಾವ?" ಎಂದೆ. ಮಾವ ತಿರುಗಿದ್ದು ಷಮೀಮ್ ಕಡೆಗೇ. ಇನ್ನೊಂದು ಸಲ ಹೀಗಾದರೆ ಮಿಷನ್ನೂ ಬೇಡ, ನೀನೂ ಬೇಡ ಎಂದು ಷಮೀಮ್‌ಗೆ ಹೇಳಿ ಕಳಿಸಿದರು.

ವಾರ ಬಿಟ್ಟು ಹೋಗಿ ನೋಡಿದರೆ ಹಾಳೆ ಮತ್ತೆ ಗೋಡೆಯ ಮೇಲೆ ಇತ್ತು. ಅವಳು ಯಂತ್ರದಿಂದ ಆ ಪುಟ ಅಳಿಸಿದ್ದರೂ, ಮಾವ ಡ್ರಾಯರಿನಲ್ಲಿದ್ದ ಸಿ.ಡಿ.ಯಿಂದ ಹೊಸದಾಗಿ ಪ್ರಿಂಟ್ ತೆಗೆದು, ಹೊಸದಾಗಿ ಕುಂಕುಮವನ್ನೂ ಇಟ್ಟಿದ್ದರು. ಅವಳು ಮತ್ತೆ ಕಿತ್ತಳು, ಅವರು ಮತ್ತೆ ಹಾಕಿದರು. "ಪುಸ್ತಕದಲ್ಲಿ ಇರೋ ತನಕ ಗೋಡೆ ಮೇಲೂ ಇರತ್ತಮ್ಮ. ನೀನು ಎಷ್ಟು ಕೀಳ್ತೀಯೋ ಕೀಳು," ಎಂದರು. ಇಷ್ಟರಲ್ಲಿ ಸುದ್ದಿ ಮಿಕ್ಕ ಊರುಗಳಿಗೂ ಹೋಗಿ, ಚಿಂತಾಮಣಿಯ ಬೀಜದ ಅಂಗಡಿಯವರು ಸ್ವಲ್ಪ ದಿನ ಬರಬೇಡಿ ಎಂದಿದ್ದರು. ಪ್ರೆಸ್ಸಿನವರ ಹತ್ತಿರವೂ ಅದೇ ಸಿ.ಡಿ., ಅದೇ ಪುಟ. ಇನ್ನೊಂದು ಕಡೆ ಇನ್ನೊಬ್ಬರು ಅದನ್ನು ನೋಡಿ ಒತ್ತಿದರೆ ಷಮೀಮ್‌ಳ ಕೆಲಸ ನಮ್ಮ ಸೀಮೆಯಲ್ಲೇ ಮುಗಿಯುತ್ತಿತ್ತು.

ಅವಳಪ್ಪ ನಮ್ಮ ಬೂತಿಗೇ ಬಂದು ಹೇಳಿದರು. "ತಪ್ಪಾಯ್ತು ಅಂದ್ಬಿಡು ಬೇಟಾ. ದೊಡ್ಡೋರು, ಸುಮ್ಮನಾಗ್ತಾರೆ."

"ತಪ್ಪು ಮಾಡಿದ್ರೆ ಅಂತೀನಿ ಅಬ್ಬಾ. ಮಾಡ್ದೇ ಇರೋದಕ್ಕೆ ಅಂದ್ರೆ, ಆ ಹಾಳೆ ಸರಿ ಅಂತ ನಾನೇ ಒಪ್ಕೊಂಡ ಹಾಗೆ."

ಆವತ್ತೇ ಅವಳು ಆ ಕರ್ನಲ್ ಬರೆಯುವವರಿಗೆ ಇ-ಮೇಲ್ ಹಾಕಿದಳು. ನನ್ನ ಬೂತಿನ ಮೂಲೆಯಲ್ಲಿ ಅವಳದೇ ಒಂದು ಹಳೆಯ ಕಂಪ್ಯೂಟರ್ ಇಟ್ಟು, ನನ್ನ ಫೋನ್ ತಂತಿಯನ್ನೇ ಅದಕ್ಕೆ ಸಿಕ್ಕಿಸುತ್ತಿದ್ದಳು. ಬೆಂಗಳೂರಿಗೆ ಲೈನು ಸಿಗುವುದರೊಳಗೆ ಪ್ರಾಣ ಹೋಗುತ್ತಿತ್ತು. ಸಿಕ್ಕ ಮೇಲೆ ಯಾರಾದರೂ ಮೈಸೂರಿಗೆ ಮಾತಾಡಬೇಕು ಎಂದು ಬಂದರೆ ನಾನು ಲೈನು ಕೆಟ್ಟಿದೆ ಎಂದು ಹೇಳಿ ಕಳಿಸುತ್ತಿದ್ದೆ. ಅವಳು ಬರೆದದ್ದು ಇಂಗ್ಲಿಷಿನಲ್ಲಿ, ಆದರೆ ಬರೆದದ್ದನ್ನೂ ಬಂದದ್ದನ್ನೂ ನನಗೆ ಕನ್ನಡದಲ್ಲಿ ಓದಿ ಹೇಳುತ್ತಿದ್ದಳು. ಮೊದಲನೆಯದು ಚಿಕ್ಕದು: ಈ ಪುಟ ಸುಳ್ಳು ಹೇಳುತ್ತಿದೆ, ಇದರಿಂದ ನಮ್ಮಲ್ಲಿ ಒಂದು ಡಿಸ್ಕು ಹೋಯಿತು, ತೆಗೆದು ಹಾಕಿ.

ಅವರಲ್ಲಿ ಒಬ್ಬ ಉತ್ತರ ಕೊಟ್ಟ. ತೆಗೆಯುವುದು ಯಾಕೆ, ಹಳೆಯದು ಯಾರಿಗಾದರೂ ಬೇಕಾಗಬಹುದು, ಪುಟದ ತಲೆಯ ಮೇಲೆ ಇನ್ನೂ ದಪ್ಪಗೆ ಒಂದು ಎಚ್ಚರಿಕೆ ಬರೆಯೋಣ ಎಂದ.

ಷಮೀಮ್ ಕುಂಕುಮದ ವಿಷಯ ಬರೆದಳು. ನಮ್ಮ ಕಡೆ ಪುಟದ ತಲೆಯ ಮೇಲೆ ಏನು ಬರೆದರೂ ದಸರಾ ಕಳೆದ ಮೇಲೆ ಕಾಣುವುದಿಲ್ಲ, ನೀವು ದಪ್ಪಗೆ ಬರೆದರೆ ನಾವು ದಪ್ಪಗೆ ಕುಂಕುಮ ಇಡುತ್ತೇವೆ ಎಂದಳು. ಅವರು ನಕ್ಕರು. ಇ-ಮೇಲಿನಲ್ಲಿ ನಗುವುದಕ್ಕೆ ಒಂದು ಗುರುತು ಇದೆಯಂತೆ, ಮೂರು ನಾಲ್ಕು ಜನ ಅದನ್ನೇ ಹಾಕಿ ಕಳಿಸಿದ್ದರು. ಒಬ್ಬನಂತೂ ನಿಮ್ಮ ಊರಲ್ಲಿ ಕಂಪ್ಯೂಟರಿಗೆ ಪೂಜೆ ಮಾಡಿದರೆ ಅದು ಓಡುತ್ತದೆಯೇ ಎಂದು ಕೇಳಿದ್ದ. ನಾನಾಗಿದ್ದರೆ ಟೆಲಿಫೋನನ್ನೇ ಎತ್ತಿ ಬೀದಿಗೆ ಬಿಸಾಡುತ್ತಿದ್ದೆ. ಷಮೀಮ್ ಹಲ್ಲು ಕಚ್ಚಿಕೊಂಡು, ಓಡುತ್ತದೆ, ನಿಮ್ಮ ಪುಟ ಓದದೇ ಇದ್ದರೆ ಎಂದು ಬರೆದಳು.

ಅದಾದ ಮೇಲೆ ಬಂದ ಇ-ಮೇಲು ಬೇರೆ ಥರದ್ದು. ಆ ಪುಟ ಬರೆದವರು ಈ ಕೆಲಸ ಶುರು ಮಾಡಿದ ಮೊದಲ ಕೆಲವರಲ್ಲಿ ಒಬ್ಬರು, ಈಗ ಅವರು ಇಲ್ಲ. ಕಾಯಿಲೆಯಿಂದ ತೀರಿಕೊಂಡರು. ಅವರು ಬರೆದದ್ದು ಅಂತ ಉಳಿದಿರುವುದು ಇದೊಂದೇ ಪುಟ, ಅದಕ್ಕೇ ಯಾರೂ ಅದನ್ನು ಮುಟ್ಟಿಲ್ಲ, ದಯವಿಟ್ಟು ಬಿಟ್ಟುಬಿಡಿ ಎಂದಿತ್ತು.

ಓದಿ ಮುಗಿಸಿ ಷಮೀಮ್ ಕೀಲಿಮಣೆಯಿಂದ ಕೈ ತೆಗೆದಳು. "ಬಿಟ್ಬಿಡೇ ಷಮೀಮಾ. ಸತ್ತೋರ ವಿಷಯ. ಪಾಪ ಬೇಡ," ಎಂದೆ.

"ನಂಗೂ ಪಾಪ ಅನ್ಸತ್ತೆ ಅಕ್ಕ," ಎಂದಳು. "ಆದ್ರೆ ಅಕ್ಕಯ್ಯಮ್ಮ ತಟ್ಟೆ ಹಿಡ್ಕೊಂಡು ಕೂತಿದ್ಲಲ್ಲ, ಅದಕ್ಕೆ ಪಾಪ ಅನ್ನೋರು ಯಾರು? ಅಲ್ಲಿ ಯಾರಿಗೂ ಅವಳು ಕಾಣ್ಸಲ್ಲ. ನಂಗೆ ಕಾಣ್ಸತ್ತೆ."

ಎರಡು ದಿನ ಬರೆದು ಅಳಿಸಿ ಮತ್ತೆ ಬರೆದಳು. ಕೊನೆಗೆ ಕಳಿಸಿದ್ದು ಹೀಗಿತ್ತು. ತೀರಿಕೊಂಡವರ ಬಗ್ಗೆ ನನಗೆ ಗೌರವ ಇದೆ, ಅವರು ಬರೆದದ್ದು ಅವರ ಕಾಲಕ್ಕೆ ಸರಿ. ಅವರೇ ಬದುಕಿದ್ದರೆ ಎಣಿಕೆ ಬದಲಾದ ದಿನವೇ ಈ ಪುಟವನ್ನು ತಮ್ಮ ಕೈಯಾರೆ ಅಳಿಸುತ್ತಿದ್ದರು, ಯಾಕೆಂದರೆ ಅವರು ಬರೆದದ್ದು ಡಿಸ್ಕು ಉಳಿಯಲಿ ಎಂದು. ನಾವು ಕುಂಕುಮ ಇಡುತ್ತೇವೆ ಎಂದು ನೀವು ನಕ್ಕಿರಿ. ಓದಬೇಕಾದ ಪುಟವನ್ನು ಮುಟ್ಟಬಾರದ ಪುಟ ಮಾಡಿ ನೀವು ಇಟ್ಟಿರುವುದೂ ಕುಂಕುಮವಲ್ಲದೆ ಇನ್ನೇನು? ನಮ್ಮ ಗೋಡೆಯ ಮೇಲೆ ಒಂದು ಇದೆ, ನಿಮ್ಮ ಕೈಪಿಡಿಯಲ್ಲಿ ಒಂದು ಇದೆ. ನಮ್ಮದನ್ನು ನಾನು ಎರಡು ಸಲ ಕಿತ್ತಿದ್ದೇನೆ. ನಿಮ್ಮದನ್ನು ನೀವು ಒಂದು ಸಲವಾದರೂ ಕೀಳಿ.

ಕಳಿಸಿದ ಮೇಲೆ ಫೋನ್ ತಂತಿಯನ್ನು ಬಿಡಿಸಿ ನನ್ನ ಕೈಗೆ ಕೊಟ್ಟಳು. ಇನ್ನು ನನ್ನ ಹೆಸರು ಕಂಡರೇ ಅವರು ಓದುವುದಿಲ್ಲ ಎಂದಳು. ಸುಮಾರು ದಿನ ಯಾರೂ ಏನೂ ಬರೆಯಲಿಲ್ಲ. ಬೂತಿಗೆ ಬರುತ್ತಿದ್ದದ್ದು ಗೌರಿಬಿದನೂರಿನ ಫೋನು ಮಾತ್ರ. ಕರೆಂಟು ಹೋಗಿ ಬಂದಾಗಲೆಲ್ಲ ಮೊದಲು ಇಲ್ಲಿಗೆ ಫೋನ್ ಮಾಡಿ ಎಂದು ಷಮೀಮ್ ಮಾವನಿಗೆ ಹೇಳಿದ್ದಳು. ಅವರು ಮಾಡುತ್ತಿದ್ದರು. ಹೆದರಿಕೆ ಅವರಿಗೂ ಇತ್ತು, ಒಪ್ಪಿಕೊಳ್ಳುವ ಬಾಯಿ ಇರಲಿಲ್ಲ ಅಷ್ಟೇ. "ಏನೂ ಮುಟ್ಟಬೇಡಿ ಮಾವ," ಎಂದು ನಾನು ಅರಚುವುದು, "ನಂಗೆ ಓದಕ್ಕೆ ಬರತ್ತೆ ಬಿಡೇ," ಎಂದು ಅವರು ಫೋನ್ ಕುಕ್ಕುವುದು. ಇಡೀ ಬೇಸಿಗೆ ಇದೇ ಆಯಿತು.

ಆಮೇಲೆ ಒಂದು ದಿನ, ಏನು ಸೇರಬೇಕು ಏನು ಹೋಗಬೇಕು ಎಂದು ಕೊನೆಯ ಮಾತು ಹೇಳುವ, ಆ ಕೆಲಸದ ಯಜಮಾನನೇ ಬರೆದ. ಎಲ್ಲ ಸೇರಿ ಒಂದು ಸಾಲು: ಅಳಿಸುವ ತಿದ್ದುಪಡಿಯನ್ನು ನೀವೇ ಮಾಡಿ ಕಳಿಸಿ. ಷಮೀಮ್ ಮಾಡಿದಳು. ತೆಗೆಯುವ ಪ್ರತಿ ಸಾಲಿನ ಮುಂದೆ ಒಂದು ಕಳೆಯುವ ಗುರುತು ಹಾಕಬೇಕಂತೆ. ಪರದೆ ತುಂಬ ಬರೀ ಕಳೆಯುವ ಗುರುತು, ಕೂಡುವುದು ಒಂದೂ ಇಲ್ಲ. "ಬದಲಿಗೆ ಏನೂ ಬರೆಯಲ್ವೇನೇ?" ಎಂದು ಕೇಳಿದೆ. "ಏನೂ ಬೇಡಕ್ಕ. ಮಿಷನ್ನೇ ನೋಡ್ಕೊಳತ್ತೆ. ಬೇಡದ್ದು ಹೋದ್ರೆ ಸಾಕು," ಎಂದಳು. ಯಾರಿಗಾದರೂ ಆಕ್ಷೇಪ ಇದ್ದರೆ ಹೇಳಿ ಎಂದು ಯಜಮಾನ ಎಲ್ಲರಿಗೂ ತಿಳಿಸಿ ಸ್ವಲ್ಪ ಕಾಲ ಕಾದ. ನಕ್ಕವರು ಯಾರೂ ಅಡ್ಡ ಬರಲಿಲ್ಲ. ಬಿಟ್ಟುಬಿಡಿ ಎಂದು ಬೇಡಿಕೊಂಡಿದ್ದವನು ಮಾತ್ರ, ನನ್ನ ಒಪ್ಪಿಗೆ ಇದೆ, ಅವರಿದ್ದಿದ್ದರೂ ಹೀಗೇ ಮಾಡುತ್ತಿದ್ದರು ಎಂದು ಬರೆದ. ಅದನ್ನು ಓದಿದಾಗ ಷಮೀಮ್ ಮೂಗು ಒರೆಸಿಕೊಂಡಳು, ನೆಗಡಿ ಎಂದಳು.

ದಸರಾ ಹತ್ತಿರ ಬಂದಾಗ ಪತ್ರಿಕೆಯ ಜೊತೆ ಹೊಸ ಸಿ.ಡಿ. ಬಂತು. ಆಯುಧಪೂಜೆಯ ಹಿಂದಿನ ದಿನ ಗೌರಿಬಿದನೂರಿಗೆ ಹೋಗಿ ಯಂತ್ರಕ್ಕೆ ಹೊಸದನ್ನು ಹಾಕಿ, ಹಳೆಯ ಸಿ.ಡಿ.ಯನ್ನು ಡ್ರಾಯರಿನಿಂದ ತೆಗೆದು ಚೀಲಕ್ಕೆ ಹಾಕಿಕೊಂಡಳು. ಗೋಡೆಯ ಕಡೆಗೆ ಕಣ್ಣೆತ್ತಿಯೂ ನೋಡಲಿಲ್ಲ. ಮಾರನೆಯ ದಿನ ಪೂಜೆಗೆ ಬರಲೇಬೇಕೆಂದು ಮಾವ ನನ್ನನ್ನು ಕರೆದಿದ್ದರು. ಷಮೀಮ್‌ಳನ್ನು ಕರೆದಿರಲಿಲ್ಲ, ನಾನೇ ಕೈ ಹಿಡಿದು ಕರೆದುಕೊಂಡು ಹೋದೆ.

ನಿರ್ದೇಶಕರು, ಬೆಳೆಗಾರರು, ಒಂದು ಮೂಲೆಯಲ್ಲಿ ಅಕ್ಕಯ್ಯಮ್ಮ, ಎಲ್ಲರೂ ಸೇರಿದ್ದರು. ಕುಂಬಳಕಾಯಿ ಒಡೆದು ಮುಗಿಯುವ ಹೊತ್ತಿಗೆ ಕರೆಂಟು ಹೋಯಿತು. ಸ್ವಲ್ಪ ಹೊತ್ತಿಗೆ ಬಂತು. ಅಷ್ಟು ಜನರ ಮುಂದೆ ಮಾವನಿಗೆ ಜಂಬ ಬಂದು, ಕನ್ನಡಕ ಏರಿಸಿ ಹೊಸ ಕುಂಕುಮದ ಹಾಳೆಯ ಕಡೆ ತಿರುಗಿದರು. ಷಮೀಮ್ ಹೋಗಿ ಹಾಳೆಗೂ ಅವರಿಗೂ ನಡುವೆ ನಿಂತಳು.

"ಪುಸ್ತಕದಲ್ಲಿ ಇರೋ ಹಂಗೇ ಮಾಡೋರಲ್ವಾ ನೀವು? ಪುಸ್ತಕ ನೋಡಿ ಮಾಡಿ ಸಾರ್."

"ಅದೇ ತಾನೇ ಇದು. ಸರಿ ಅತ್ಲಾಗೆ."

"ಹೊಸ ಪುಸ್ತಕ ಬಂದಿದೆ. ಅದ್ರಲ್ಲಿ ನೋಡಿ."

ಜನರ ಮುಂದೆ ಇಲ್ಲ ಎನ್ನುವುದಕ್ಕೆ ಆಗದೆ ಮಾವ ಕುರ್ಚಿಯಲ್ಲಿ ಕೂತರು. ಅಷ್ಟು ಹೊತ್ತಿಗೆ ಯಂತ್ರ ತನ್ನ ಪಾಡಿಗೆ ತಾನು ಗುರುಗುಟ್ಟಿ ಸರಿಯಾಗಿ ಎದ್ದು ಕೂತಿತ್ತು. ಮಾವ ಕೈಪಿಡಿ ತೆರೆದು ಹುಡುಕಿದರು. ಮೇಲೆ ಹೋದರು, ಕೆಳಗೆ ಬಂದರು, ಮತ್ತೆ ಮೇಲೆ ಹೋದರು. ಅಕ್ಕಯ್ಯಮ್ಮ ಹಿಂದಿನಿಂದ ಬಗ್ಗಿ, "ನನ್ನ ಮೊಟ್ಟೆ ತಾರೀಖು ಐತಾ ನೋಡಪ್ಪ ಮೊದ್ಲು," ಎಂದಳು. ಅವರು ಅದನ್ನೂ ತೆಗೆದು ನೋಡಿದರು. ಅವಳ ಹೆಸರು, ಊರು, ತಾರೀಖು ಎಲ್ಲ ಇದ್ದ ಜಾಗದಲ್ಲೇ ಇದ್ದವು.

"ಆ ಪುಟಾನೇ ಇಲ್ವಲ್ಲಮ್ಮ," ಎಂದರು ಮಾವ. "ಪುಸ್ತಕದಿಂದಾನೇ ತೆಗೆದವ್ರೆ. ಯಾರು ತೆಗೆದೋರು?"

"ನಾನು."

"ನೀನು ಹೇಳಿದ್ರೆ ಅವರು ಕೇಳ್ಬಿಡ್ತಾರಾ?"

"ಅವರೂ ಸುಲಭಕ್ಕೆ ಕೇಳ್ಲಿಲ್ಲ ಸಾರ್," ಎಂದಳು ಷಮೀಮ್. "ನಕ್ಕರು, ಬೇಡ ಅಂದ್ರು. ಆದ್ರೆ ನೀನು ಯಾರು ಅಂತ ಒಬ್ಬರೂ ಕೇಳ್ಲಿಲ್ಲ. ಅವರು ನನ್ನ ಮುಖಾನೂ ನೋಡಿಲ್ಲ. ನನ್ನ ಮುಖ ಗೊತ್ತಿದ್ದೂ ಅದನ್ನ ಕೇಳಿದ್ದು ನೀವೊಬ್ರೇ."

ಹೆಣ್ಣುಮಕ್ಕಳ ಕೈಗೆ ಮಿಷನ್ ಎಂದಿದ್ದ ನಿರ್ದೇಶಕರು ಬಾಳೆಹಣ್ಣು ಸುಲಿಯುವುದರಲ್ಲಿ ಮುಳುಗಿದ್ದರು. ಮಾವ ಎದ್ದರು. ಷಮೀಮ್ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು. ಅವರು ಹಾಳೆಯನ್ನು ರಟ್ಟಿನ ಸಮೇತ ಇಳಿಸಿ, ಎಲ್ಲಿಡಬೇಕೆಂದು ತೋಚದೆ ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದು, ಕೊನೆಗೆ ಅವಳ ಕೈಗೇ ಕೊಟ್ಟರು. ಆಮೇಲೆ ಇಕ್ಕಳ ತರಿಸಿ ಮೊಳೆಯನ್ನೂ ತಾವೇ ಕಿತ್ತರು.